ಎಲ್ಲರೂ ಇರುವ ಒಂದು ಫೋಟೊ

ಮನೆಯವರೆಲ್ಲ ಸೇರಿ ಫೋಟೊ ತೆಗೆಸೋಣ ಎಂದ ತಕ್ಷಣ ಮೊದಲು ಏಳುವ ಪ್ರಶ್ನೆ ಬಟ್ಟೆಯದು. ಯಾವ ಬಣ್ಣ, ಎಲ್ಲರೂ ಒಂದೇ ಥರ ಉಡೋಣವಾ, ಗಂಡಸರಿಗೆ ಪಂಚೆಯಾ ಪ್ಯಾಂಟಾ? ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲೂ ವಾರಗಟ್ಟಲೆ ಇದೇ ಮಾತು. ಒಬ್ಬರು ತಿಳಿಗುಲಾಬಿ ಎಂದರು, ಇನ್ನೊಬ್ಬರು ಅದು ನನಗೆ ಒಪ್ಪುವುದಿಲ್ಲ ಎಂದರು. ಬಟ್ಟೆಯ ವಿಷಯ ಮುಖ್ಯವೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅದಕ್ಕಿಂತ ಮೊದಲು ಕೂತು ಯೋಚಿಸಬೇಕಾದ ವಿಷಯಗಳಿವೆ. ಆ ಫೋಟೊದಲ್ಲಿ ಯಾರ್ಯಾರು ಇರಬೇಕು? ಯಾರು ಎಲ್ಲಿ ಕೂರಬೇಕು? ಕ್ಯಾಮೆರಾ ಸಿದ್ಧವಾದ ಹೊತ್ತಿಗೆ ಅವರೆಲ್ಲ ನಿಜವಾಗಿಯೂ ಕೈ ಬಿಡುವು ಮಾಡಿಕೊಂಡು ಬಂದು ಕೂರುವ ಹಾಗೆ ಮಾಡುವುದು ಹೇಗೆ?

ನಮ್ಮ ತವರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಗೆ ಎಂಬತ್ತೈದು ದಾಟಿದೆ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಸೇರಿದರೆ ಹದಿನೆಂಟು ಜನ. ಮೊಬೈಲಿನಲ್ಲಿ ಸಾವಿರಾರು ಫೋಟೊ ಇವೆ, ಆದರೆ ಹದಿನೆಂಟೂ ಜನ ಒಟ್ಟಿಗೆ ಇರುವ ಒಂದೂ ಇಲ್ಲ. ಯಾರೋ ಒಬ್ಬರು ಫೋನ್ ಹಿಡಿದಿರುತ್ತಾರೆ, ಇನ್ಯಾರೋ ಒಲೆಯ ಮುಂದೆ ಇರುತ್ತಾರೆ. ಹಾಗಾಗಿ ಈ ಸಲ ಸಾಗರದಿಂದ ಫೋಟೊಗ್ರಾಫರನ್ನು ಕರೆಸಿಯೇ ಬಿಡೋಣ ಎಂದು ನಾನೂ ತಮ್ಮನೂ ಹಟ ಹಿಡಿದೆವು.

ದಿನ ಗೊತ್ತು ಮಾಡುವುದೇ ಮೊದಲ ಕೆಲಸ. ಮದುವೆ ಸೀಸನ್‌ನಲ್ಲಿ ಒಳ್ಳೆ ಫೋಟೊಗ್ರಾಫರ್ ಸಿಗುವುದು ಕಷ್ಟ. ಸಿಕ್ಕರೂ ಮುಹೂರ್ತ ಮುಗಿಸಿ, ರಿಸೆಪ್ಷನ್ ಮುಗಿಸಿ ನಿದ್ದೆಗಣ್ಣಲ್ಲಿ ಬರುತ್ತಾರೆ. ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಅವರಿಗೂ ಬಿಡುವು. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಹೊರದೇಶದಲ್ಲಿ ಇರುವವರೂ ಬರುತ್ತಾರೆ, ಮಳೆಯ ಭಯ ಇಲ್ಲ. ಆಷಾಢದಲ್ಲೂ ಮದುವೆ ಇಲ್ಲ ನಿಜ, ಆದರೆ ಮಲೆನಾಡಿನ ಆಷಾಢದಲ್ಲಿ ಅಂಗಳಕ್ಕೆ ಕಾಲಿಡಲು ಆಗಬೇಕಲ್ಲ. ಹಾಗಾಗಿ ಡಿಸೆಂಬರ್ ಕೊನೆಯ ವಾರ ಎಂದು ಗಟ್ಟಿ ಮಾಡಿದೆವು. ಒಂದೇ ತೊಡಕು, ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಒಣಗಿಸುವ ಅಟ್ಟ, ಅಟ್ಟದ ತುಂಬ ಬೇಯಿಸಿದ ಅಡಿಕೆ. ರಾತ್ರಿ ಸುಲಿಯುವ ಕೆಲಸ. ಎಲ್ಲರಿಗೂ ಸುಸ್ತು. "ಫೋಟೊ ಗೀಟೊ ಎಲ್ಲ ಕೊಯ್ಲು ಮುಗಿದ ಮೇಲೆ ಇಟ್ಕೊಳ್ಳಿ" ಎಂದರು ದೊಡ್ಡಪ್ಪ. ಕೊಯ್ಲು ಮುಗಿಯುವ ಹೊತ್ತಿಗೆ ಅರ್ಧ ಜನ ಊರಲ್ಲೇ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಕೊನೆಗೆ ಒಪ್ಪಿದರು.

ಇಷ್ಟೊಂದು ಹಟ ಯಾಕೆ ಎಂದು ಕೇಳಿದರೆ ಜಗುಲಿಯ ಗೋಡೆಯ ಮೇಲಿರುವ ಎರಡು ಫೋಟೊಗಳ ಬಗ್ಗೆ ಹೇಳಬೇಕು.

ಒಂದು ಅಜ್ಜನದು. ಗಂಧದ ಹಾರ ಹಾಕಿದ್ದಾರೆ. ದೂರದಿಂದ ಸರಿಯಾಗೇ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅಜ್ಜನ ಎಡ ಭುಜದ ಪಕ್ಕ ಯಾರದೋ ಸೀರೆಯ ಅಂಚು ಒಂದು ಬೆರಳಿನಷ್ಟು ಉಳಿದಿದೆ. ಅಜ್ಜ ತೀರಿಕೊಂಡಾಗ ಕಾರ್ಯಕ್ಕೆ ಇಡಲು ಫೋಟೊ ಬೇಕಾಯಿತು. ಟ್ರಂಕಿನಲ್ಲಿ, ಆಲ್ಬಮ್ಮಿನಲ್ಲಿ ಎಷ್ಟು ಹುಡುಕಿದರೂ ಅವರೊಬ್ಬರೇ ಇರುವ ಫೋಟೊ ಸಿಗಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಅವರನ್ನು ಕತ್ತರಿಸಿ ತೆಗೆದು ದೊಡ್ಡದು ಮಾಡಿಸಿದರು. ಹೆಸರುಕಾಳಿನಷ್ಟಿದ್ದ ಮುಖವನ್ನು ಅಷ್ಟು ಹಿಗ್ಗಿಸಿದರೆ ಏನಾಗುತ್ತದೆ? ಕಣ್ಣು ಮಸುಕು, ಮೂಗು ಮಸುಕು. ಸ್ಟುಡಿಯೋದವರು ಹಿಂದೆ ನೀಲಿ ಬಣ್ಣ ತುಂಬಿ, ಹುಬ್ಬನ್ನು ತಾವೇ ತೀಡಿದ್ದಾರೆ. ಅಜ್ಜನ ಹುಬ್ಬು ಹಾಗಿರಲಿಲ್ಲ ಎಂದು ಅಜ್ಜಿ ಇವತ್ತಿಗೂ ಹೇಳುತ್ತಾರೆ. ಅಜ್ಜನನ್ನು ಕಾಣದ ಮೊಮ್ಮಕ್ಕಳಿಗೆ ಮಾತ್ರ ಅಜ್ಜ ಎಂದರೆ ಆ ಹುಬ್ಬೇ.

ಇನ್ನೊಂದು 1960ರ ದಶಕದ ಗ್ರೂಪ್ ಫೋಟೊ. ಪೇಟೆಯಿಂದ ಫೋಟೊದವರು ಬಂದು ಅಂಗಳದಲ್ಲಿ ತೆಗೆದದ್ದು. ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಒಳಗೆ ಇಣುಕುವ ಮನುಷ್ಯ. ಅಪ್ಪನಿಗೆ ಇದೆಲ್ಲ ನೆನಪಿದೆ. ಶಾಲೆಯಿಂದ ಕುರ್ಚಿ ತಂದಿದ್ದರಂತೆ. ಮುಂದೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದ್ದಾರೆ. ಕುರ್ಚಿಯಲ್ಲಿ ಗಂಡಸರು. ಹಿಂದೆ ನಿಂತವರು ಹೆಂಗಸರು, ಮನೆಯ ಸೊಸೆಯಾಗಿ ಅಜ್ಜಿ ಒಂದು ತುದಿಯಲ್ಲಿ. ಯಾರೂ ನಕ್ಕಿಲ್ಲ.

ಆ ಕಾಲದಲ್ಲಿ ತುಂಬ ಹೊತ್ತು ಅಲ್ಲಾಡದೆ ಕೂರಬೇಕಿತ್ತು, ಅದಕ್ಕೇ ನಗು ಇಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. 1839ರಲ್ಲಿ ಫ್ರಾನ್ಸಿನ ಡಾಗೇರ್ ಫೋಟೊ ತೆಗೆಯುವ ತನ್ನ ವಿಧಾನವನ್ನು ಪ್ಯಾರಿಸ್‌ನಲ್ಲಿ ಪ್ರಕಟಿಸಿದಾಗ ಅದು ನಿಜವೇ ಆಗಿತ್ತು. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಆಮೇಲಿನ ಸ್ಟುಡಿಯೋಗಳಲ್ಲಿ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಸ್ಟ್ಯಾಂಡ್ ಕೊಡುತ್ತಿದ್ದರು. ಆದರೆ 1960ರ ಹೊತ್ತಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೊ ಆಗುತ್ತಿತ್ತು. ನಮ್ಮವರು ನಗದೇ ಇದ್ದದ್ದು ಫೋಟೊ ಎಂದರೆ ಅಷ್ಟು ದೊಡ್ಡ ಸಂಗತಿ ಆಗಿದ್ದರಿಂದ. ಜನ್ಮಕ್ಕೊಂದು ಸಲ ತೆಗೆಸುವ ಚಿತ್ರದಲ್ಲಿ ಹಲ್ಲು ಬಿಡುವುದು ಮರ್ಯಾದೆಯಲ್ಲ ಎಂಬ ಭಾವನೆ ಇತ್ತು. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬುವವರೂ ಇದ್ದರು. ಪೇಟೆಯವರಿಗೆ ಇದು ಅಷ್ಟು ಅಪರೂಪವಾಗಿರಲಿಲ್ಲ. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ ಫೋಟೊ ಸ್ಟುಡಿಯೋ ಜಿ.ಕೆ. ವೇಲ್‌ಗೆ ಹೋಗಿ ಫೋಟೊ ತೆಗೆಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಒಂದು ಪದ್ಧತಿಯೇ ಆಗಿತ್ತು. 1910ರಿಂದ ನಡೆದು ಬಂದ ಹೆಸರು ಅದು. ಹಳ್ಳಿಯಲ್ಲಿ ಹಾಗಲ್ಲ. ಫೋಟೊದವರು ಬಂದರೆ ಊರಿಗೆ ಊರೇ ನೋಡಲು ಬರುತ್ತಿತ್ತು.

ಆ ಫೋಟೊದಲ್ಲಿ ಒಬ್ಬರು ಇಲ್ಲ. ಅಜ್ಜಿಯ ಅತ್ತೆ, ಅಂದರೆ ನನ್ನ ಮುತ್ತಜ್ಜಿ. ಅವರು ಆಗ ಬದುಕಿದ್ದರು, ಮನೆಯಲ್ಲೇ ಇದ್ದರು. ಗಂಡ ತೀರಿಕೊಂಡಿದ್ದರಿಂದ ಫೋಟೊಗೆ ಕರೆಯಲಿಲ್ಲ. "ಒಳಗೆ ಇದ್ರು. ಆಗೆಲ್ಲ ಹಾಗೇ" ಎಂದು ಅಜ್ಜಿ ಹೇಳುತ್ತಾರೆ. ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತಾರೆ. ಇಡೀ ಮನೆಯನ್ನು ನಡೆಸಿದ, ಅಪ್ಪನನ್ನು, ದೊಡ್ಡಪ್ಪನನ್ನು, ಅತ್ತೆಯಂದಿರನ್ನು ಎತ್ತಿ ಆಡಿಸಿದ ಮುತ್ತಜ್ಜಿ ಹೇಗಿದ್ದರು ಎಂದು ನೋಡಲು ಒಂದೇ ಒಂದು ಚಿತ್ರ ಇಲ್ಲ. ನನಗೆ ಸಿಟ್ಟು ಬರುತ್ತದೆ. ಇಂಥ ಫೋಟೊ ನಮ್ಮ ಮನೆಯಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ನಿಮ್ಮ ಮನೆಯ ಹಳೇ ಗ್ರೂಪ್ ಫೋಟೊ ತೆಗೆದು ನೋಡಿ, ಯಾರು ಇಲ್ಲ ಎಂದು ಹಿರಿಯರನ್ನು ಕೇಳಿ.

ಈಗ ಅಜ್ಜಿಯೂ ಅದೇ ಸ್ಥಾನದಲ್ಲಿದ್ದಾರೆ. ಫೋಟೊ ವಿಷಯ ಹೇಳಿದಾಗ ಅವರು ಮೊದಲು ಹೇಳಿದ್ದೇ, "ನೀವೆಲ್ಲ ಕೂತ್ಕೊಳ್ಳಿ, ನನ್ನನ್ನ ಎಲ್ಲಾದ್ರೂ ಹಿಂದೆ ನಿಲ್ಸಿ" ಎಂದು. ಎಂಬತ್ತೈದು ದಾಟಿದವರು, ಮಂಡಿನೋವಿನಲ್ಲಿ ಹಿಂದೆ ನಿಲ್ಲುತ್ತೇನೆ ಎನ್ನುತ್ತಾರೆ! ಅವತ್ತೇ ನಿರ್ಧಾರ ಮಾಡಿದೆವು. ನಡುವೆ ಅಜ್ಜಿಯ ಕುರ್ಚಿ. ಉಳಿದವರೆಲ್ಲ ಆ ಕುರ್ಚಿಯ ಸುತ್ತ. ಇದನ್ನು ಫೋಟೊ ದಿನ ಅಂಗಳದಲ್ಲಿ ನಿಂತು ಚರ್ಚೆ ಮಾಡಬಾರದು, ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಆ ಗಡಿಬಿಡಿಯಲ್ಲಿ ಹಳೇ ಅಭ್ಯಾಸವೇ ಗೆಲ್ಲುತ್ತದೆ. ಗಂಡಸರು ಕುರ್ಚಿ ಹಿಡಿಯುತ್ತಾರೆ, ಹೆಂಗಸರು ಹಿಂದೆ ಸರಿಯುತ್ತಾರೆ, ವಯಸ್ಸಾದವರು "ನಂಗ್ಯಾಕೆ" ಎನ್ನುತ್ತಾ ಪಕ್ಕಕ್ಕೆ ಹೋಗುತ್ತಾರೆ.

ಒಂದು ಹಾಳೆಯಲ್ಲಿ ಬರೆದುಕೊಂಡೆವು. ಮೊದಲು ಹದಿನೆಂಟೂ ಜನರ ಫೋಟೊ. ಆಮೇಲೆ ಅಜ್ಜಿ ಮತ್ತು ಅವರ ಮಕ್ಕಳು ಮಾತ್ರ. ಆಮೇಲೆ ಅಜ್ಜಿ ಮತ್ತು ಸೊಸೆಯರು. ಆಮೇಲೆ ಮೊಮ್ಮಕ್ಕಳು, ಒಂದೊಂದು ಸಂಸಾರ, ಗಂಡ ಹೆಂಡತಿ. ಕೊನೆಯಲ್ಲಿ ಹಿರಿಯರ ಒಬ್ಬೊಬ್ಬರ ಫೋಟೊ. ದೊಡ್ಡ ಗುಂಪಿನಿಂದ ಶುರು ಮಾಡಿದರೆ ಚಿಕ್ಕ ಮಕ್ಕಳು ಇನ್ನೂ ಹುರುಪಿನಲ್ಲಿ ಇರುವಾಗಲೇ ಅವರದ್ದು ಮುಗಿಯುತ್ತದೆ, ಆಮೇಲೆ ಓಡಾಡಲು ಬಿಟ್ಟುಬಿಡಬಹುದು. ಹಿರಿಯರೂ ನಡುವೆ ಹೋಗಿ ಸ್ವಲ್ಪ ಹೊತ್ತು ಕೂತು ಬರಬಹುದು. ಈ ಹಾಳೆಯನ್ನು ಫೋಟೊಗ್ರಾಫರ್‌ಗೂ ಕಳಿಸಿದೆವು, ಗಟ್ಟಿ ದನಿಯ ಭಾವನ ಕೈಗೂ ಕೊಟ್ಟೆವು. ಯಾರು ಎಲ್ಲಿದ್ದಾರೆ ಎಂದು ಫೋಟೊಗ್ರಾಫರ್‌ಗೆ ಗೊತ್ತಿರುವುದಿಲ್ಲ. ಹೆಸರು ಹಿಡಿದು ಕೂಗಿ ಕರೆಯಲು ಮನೆಯವರೇ ಬೇಕು.

ಒಬ್ಬೊಬ್ಬರ ಫೋಟೊ ಯಾಕೆ ಎಂದು ಬಾಯಿಬಿಟ್ಟು ಹೇಳಿದವರು ದೊಡ್ಡಮ್ಮ. "ನಂದೊಂದು ಒಳ್ಳೆ ಫೋಟೊ ತೆಗೆಸಿಡಿ. ಆಮೇಲೆ ಯಾರ್ದೋ ಮದುವೆ ಫೋಟೊದಲ್ಲಿ ಕತ್ತರಿಸ್ತಾ ಕೂರಬೇಡಿ" ಎಂದರು. ಅಮ್ಮನಿಗೆ ಆ ಮಾತು ಹಿಡಿಸಲಿಲ್ಲ, "ಬಿಡ್ತು ಅನ್ನಿ ಅಕ್ಕಾ" ಎಂದು ಬೈದರು. ದೊಡ್ಡಮ್ಮ ಹೇಳಿದ್ದು ಸರಿಯೇ ಎಂದು ನನ್ನ ನಂಬಿಕೆ. ಅಂಥ ಫೋಟೊವನ್ನು ಅವರು ಗಟ್ಟಿಮುಟ್ಟಾಗಿರುವಾಗ, ಅವರಿಗೆ ಇಷ್ಟವಾದ ಸೀರೆಯಲ್ಲಿ, ಅವರೇ ನೋಡಿ ಒಪ್ಪಿಕೊಳ್ಳುವ ಹಾಗೆ ತೆಗೆದಿಡುವುದು ಒಳ್ಳೆಯದು. ಅವರ ಹುಬ್ಬನ್ನು ಇನ್ಯಾರೋ ತೀಡುವ ಹಾಗೆ ಆಗಬಾರದು.

ಫೋಟೊಗ್ರಾಫರ್ ಹುಡುಗ ಎರಡು ದಿನ ಮೊದಲೇ ಬಂದು ಜಾಗ ನೋಡಿಕೊಂಡು ಹೋದ. ನನಗೆ ಅವನ ಮೇಲೆ ಗೌರವ ಬಂದದ್ದು ಅವತ್ತೇ. ಎಲ್ಲರೂ ತೋರಿಸಿದ್ದು ಅಂಗಳದ ಚಪ್ಪರದ ಅಡಿಯನ್ನು. ನೆರಳಿದೆ, ಹಿಂದೆ ಮನೆ ಕಾಣುತ್ತದೆ. ಅವನು ಬೇಡ ಎಂದ. ಸೋಗೆಯ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಒಬ್ಬರ ಮೂಗಿನ ಮೇಲೆ ಬೆಳಕು, ಇನ್ನೊಬ್ಬರ ಅರ್ಧ ಕೆನ್ನೆಯ ಮೇಲೆ. ನಮ್ಮ ಕಣ್ಣು ಇದನ್ನು ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾ ಹಾಗೆ ಮಾಡುವುದಿಲ್ಲ. ತೋಟದ ಅಂಚೂ ಬೇಡ ಎಂದ. ಸುತ್ತ ಹಸಿರಿದ್ದರೆ ಆ ಹಸಿರಿನ ಬೆಳಕೇ ಮುಖಕ್ಕೆ, ಗಲ್ಲದ ಕೆಳಗೆ ಬಡಿದು ಚರ್ಮದ ಬಣ್ಣ ಕೆಡುತ್ತದೆ. ಕೊನೆಗೆ ಅವನು ಆರಿಸಿದ್ದು ಮನೆಯ ಪೂರ್ವದ ಬದಿ. ಸಂಜೆ ನಾಲ್ಕರ ಮೇಲೆ ಮನೆಯ ನೆರಳು ಅಲ್ಲಿ ಉದ್ದಕ್ಕೆ ಬೀಳುತ್ತದೆ. ನೇರ ಬಿಸಿಲಿಲ್ಲ, ಆದರೆ ಎದುರಿನ ಬಯಲಿನ ಆಕಾಶದಿಂದ ಮೆತ್ತಗಿನ ಬೆಳಕು ಎಲ್ಲರ ಮುಖಕ್ಕೂ ಒಂದೇ ಸಮ ಬರುತ್ತದೆ. ಕಣ್ಣಿನ ಪೊರೆಯ ಆಪರೇಷನ್ ಆದ ಅಜ್ಜಿಗೆ ಬಿಸಿಲಿಗೆ ಮುಖ ಕೊಟ್ಟರೆ ಕಣ್ಣು ಬಿಡಲು ಆಗುವುದಿಲ್ಲ. ಅಲ್ಲಿ ಆ ತೊಂದರೆಯೂ ಇರಲಿಲ್ಲ. ಡಿಸೆಂಬರಿನಲ್ಲಿ ಕತ್ತಲೆ ಬೇಗ. ನಾಲ್ಕೂಕಾಲರಿಂದ ಐದೂವರೆ, ಅಷ್ಟರಲ್ಲಿ ಎಲ್ಲ ಮುಗಿಯಬೇಕು ಎಂದು ಹೇಳಿ ಹೋದ. ಆ ಬದಿಯಲ್ಲಿದ್ದ ಒಂದು ಅಟ್ಟವನ್ನು ದೊಡ್ಡಪ್ಪ ತಾವೇ ನಿಂತು ಬಿಚ್ಚಿಸಿದರು.

ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಜಾಗ ಕಡಿಮೆ ಇದ್ದರೆ ವೈಡ್ ಲೆನ್ಸ್ ಹಾಕಬೇಕಾಗುತ್ತದೆ. ಆ ಲೆನ್ಸಿನಲ್ಲಿ ನಡುವೆ ಇರುವವರು ಸರಿಯಾಗಿ ಕಾಣುತ್ತಾರೆ, ಎರಡು ತುದಿಯಲ್ಲಿ ಇರುವವರು ಅಡ್ಡಕ್ಕೆ ಎಳೆದ ಹಾಗೆ ದಪ್ಪ ಕಾಣುತ್ತಾರೆ. ತುದಿಯಲ್ಲಿ ನಿಲ್ಲುವವರು ಯಾರು ಹೇಳಿ? ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೊನೆಗೆ ಓಡಿ ಬರುವವರು. ನಮ್ಮ ಮನೆಯ ಎಷ್ಟೋ ಫೋಟೊಗಳಲ್ಲಿ ಅಮ್ಮನೂ ದೊಡ್ಡಮ್ಮನೂ ತುದಿಯಲ್ಲೇ ಇದ್ದಾರೆ, ಅರ್ಧ ಕೈ ಫ್ರೇಮಿನ ಹೊರಗೆ. "ನಾನು ಫೋಟೊದಲ್ಲಿ ಚೆನ್ನಾಗಿ ಬರಲ್ಲ" ಎಂದು ಅಮ್ಮ ಜೀವನವಿಡೀ ಹೇಳಿಕೊಂಡು ಬಂದಿದ್ದಾರೆ. ಅಮ್ಮ ಚೆನ್ನಾಗಿ ಬರುತ್ತಾರೆ. ಅವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಯಾರೂ ತೆಗೆದಿರಲಿಲ್ಲ, ಅಷ್ಟೆ. ಹಾಗಾಗಿ ನೀವು ಜಾಗ ಹುಡುಕುವಾಗ ನಿಲ್ಲುವ ಜಾಗ ಮಾತ್ರ ನೋಡಬೇಡಿ. ಫೋಟೊಗ್ರಾಫರ್ ಹಿಂದೆ ಹಿಂದೆ ಹೋಗಿ 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸಿನಲ್ಲಿ ತೆಗೆಯುವಷ್ಟು ಬಯಲು ಇದೆಯಾ ನೋಡಿ. ಮತ್ತೆ, ಹಿಂದಿನದೆಲ್ಲ ಮಂಜು ಮಂಜಾಗಿ ಕಾಣುವ ಫೋಟೊ ಈಗ ಎಲ್ಲರಿಗೂ ಇಷ್ಟ. ಒಬ್ಬರಿಗೆ ಅದು ಚೆಂದ. ಮೂರು ಸಾಲಿನ ಗುಂಪಿಗೆ ಹಾಗೆ ಮಾಡಿದರೆ ಹಿಂದಿನ ಸಾಲಿನವರೇ ಮಂಜಾಗುತ್ತಾರೆ. ಲೆನ್ಸಿನ ಕಿಂಡಿಯನ್ನು ಎಫ್/8ರ ಸುತ್ತಮುತ್ತ ಕಿರಿದು ಮಾಡಿ ತೆಗೆದರೆ ಎಲ್ಲ ಸಾಲೂ ಸ್ಪಷ್ಟ ಬರುತ್ತದೆ ಎಂದು ನಾವು ಹೇಳುವ ಮೊದಲೇ ಅವನೇ ಅಂದ.

ಈಗ ಅಡುಗೆಮನೆಯ ವಿಷಯ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದೇ ದೊಡ್ಡದು. ಹದಿನೆಂಟು ಜನ ಮನೆಯಲ್ಲಿದ್ದರೆ ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಮೂರೂವರೆ. ತಕ್ಷಣ ಸಂಜೆಯ ಕಾಫಿ, ಅದರ ಜೊತೆಗೆ ಏನಾದರೂ ಕುರುಕಲು. ಫೋಟೊ ಹೊತ್ತಿಗೆ ಮನೆಯ ಹೆಂಗಸರು ಬೆವರಿ, ಸುಸ್ತಾಗಿ, ಮನಸ್ಸೆಲ್ಲ ಒಲೆಯ ಮೇಲಿಟ್ಟು ಬಂದು ನಿಲ್ಲುತ್ತಾರೆ. ಮುಖದಲ್ಲಿ ಅದು ಕಾಣುತ್ತದೆ. ಹಾಗಾಗಿ ಆ ದಿನಕ್ಕೆ ಅಡುಗೆ ಭಟ್ಟರನ್ನು ಕರೆಸಿದೆವು. ಬೆಳಗಿನ ತಿಂಡಿಯಿಂದ ಸಂಜೆ ಕಾಫಿಯವರೆಗೆ ಎಲ್ಲ ಅವರದೇ. ಬಡಿಸಲು ನಾವು ಮೊಮ್ಮಕ್ಕಳು. "ಒಂದು ಫೋಟೊಗೆ ಇಷ್ಟೆಲ್ಲ ಖರ್ಚಾ?" ಎಂದು ಅಮ್ಮ ಗೊಣಗಿದರು. ಮೇಕಪ್‌ಗೆ, ಹೊಸ ಸೀರೆಗೆ ಖರ್ಚು ಮಾಡುವ ಬದಲು ಇದಕ್ಕೆ ಮಾಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. ಮಧ್ಯಾಹ್ನ ಊಟ ಮಾಡಿ ಒಂದು ಗಂಟೆ ಮಲಗಿ ಎದ್ದ ಅಮ್ಮನ ಮುಖ ನಾನು ಎಷ್ಟು ವರ್ಷವಾಗಿತ್ತೋ ನೋಡಿ.

ಮಕ್ಕಳಿಗೂ ಇದೇ ಮಾತು. ನಿದ್ದೆ ಆಗಿರಬೇಕು, ಹೊಟ್ಟೆ ತುಂಬಿರಬೇಕು. ತಂಗಿಯ ಮಗನಿಗೆ ಮೂರೂವರೆ ವರ್ಷ. ಮೂರೂವರೆಗೆ ಎಬ್ಬಿಸಿ, ಹಳೇ ಬಟ್ಟೆಯಲ್ಲೇ ಮೊಸರನ್ನ ತಿನ್ನಿಸಿ, ಕೊನೆಗೆ ಒಳ್ಳೆ ಬಟ್ಟೆ ಹಾಕಿದೆವು. "ನಗು, ನಗು" ಎಂದು ಯಾರೂ ಹೇಳಬಾರದು ಎಂದು ಮುಂಚೆಯೇ ಮಾತಾಗಿತ್ತು. ಹಾಗೆ ಹೇಳಿದರೆ ಮಕ್ಕಳು ಹಲ್ಲು ತೋರಿಸುತ್ತಾರೆ, ನಗುವುದಿಲ್ಲ.

ಬಟ್ಟೆ. ಒಂದೇ ಬಣ್ಣ ಬೇಡ ಎಂದು ಕೊನೆಗೆ ಎಲ್ಲರೂ ಒಪ್ಪಿದೆವು. ಹದಿನೆಂಟು ಜನ ಒಂದೇ ಬಣ್ಣ ಉಟ್ಟರೆ ಯೂನಿಫಾರಂ ಹಾಕಿದ ಹಾಗೆ ಕಾಣುತ್ತದೆ, ಮುಖಕ್ಕಿಂತ ಬಟ್ಟೆಯೇ ಮುಂದೆ ಬರುತ್ತದೆ. ಒಂದಕ್ಕೊಂದು ಹೊಂದುವ ನಾಲ್ಕೈದು ಮಾಸಲು ಬಣ್ಣಗಳು ಸಾಕು. ನಮ್ಮ ಕಡೆ ಇದಕ್ಕೆ ದೂರ ಹೋಗಬೇಕಿಲ್ಲ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘದವರು ನೈಸರ್ಗಿಕ ಬಣ್ಣ ಹಾಕಿ ನೇಯುವ ಕೈಮಗ್ಗದ ಬಟ್ಟೆ ಇದೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನ ಕೆಂಗಂದು ಬಣ್ಣ ಅದರಲ್ಲಿ ಬರುತ್ತದೆ. ಆ ಬಣ್ಣ ಹೊಳೆಯುವುದಿಲ್ಲ, ಮುಖದ ಮೇಲೆ ಬೇರೆ ಛಾಯೆ ಎಸೆಯುವುದಿಲ್ಲ, ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಬದುಕು ನಡೆಯುವುದೇ ಅಡಿಕೆಯಿಂದ. ಅದರ ಬಣ್ಣವೇ ಮೈಮೇಲೆ ಇರಲಿ ಎಂದು ದೊಡ್ಡಪ್ಪನಿಗೂ ಖುಷಿಯಾಯಿತು.

ಸಣ್ಣ ಗೆರೆಯ, ಸಣ್ಣ ಚೌಕುಳಿಯ ಶರ್ಟು ಮಾತ್ರ ಬೇಡ. ಬಟ್ಟೆಯ ಗೆರೆಗಳು ಕ್ಯಾಮೆರಾದ ಸೆನ್ಸರ್ ಮೇಲಿನ ಸಾಲುಗಳ ಜೊತೆ ಸೇರಿ ಇಲ್ಲದ ಅಲೆಗಳನ್ನು ಮೂಡಿಸುತ್ತವೆ, ಆಮೇಲೆ ಅದನ್ನು ತೆಗೆಯುವುದು ಕಷ್ಟ. ಹೊಸ ಸೀರೆ ಗರಿಗರಿಯಾಗಿ ಉಬ್ಬುತ್ತದೆ. ಒಂದು ಸಲವಾದರೂ ಉಟ್ಟದ್ದು ಮೈಗೆ ಕೂರುತ್ತದೆ. ಅಚ್ಚ ಬಿಳಿ ಪಂಚೆ, ದಟ್ಟ ಜರಿ ಇದ್ದರೆ ಫೋಟೊಗ್ರಾಫರ್‌ಗೆ ಮೊದಲೇ ಹೇಳಿಬಿಡಿ, ಬೆಳಕನ್ನು ಅದಕ್ಕೆ ತಕ್ಕ ಹಾಗೆ ಅಳೆಯುತ್ತಾರೆ.

ಕನ್ನಡಕದ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ದೊಡ್ಡಪ್ಪನದು ಬಿಸಿಲಿಗೆ ಕಪ್ಪಾಗುವ ಗಾಜು. ನೆರಳಿನಲ್ಲಿ ನಿಂತರೂ ಹೊರಗಿನ ಬೆಳಕಿನಲ್ಲಿ ಇರುವ ಅತಿನೇರಳೆ ಕಿರಣಕ್ಕೇ ಅದು ಕಪ್ಪಾಗುತ್ತದೆ. ತಿಳಿಯಾಗಲು ಕೆಲವು ನಿಮಿಷ ಬೇಕು. ಫೋಟೊದಲ್ಲಿ ಒಬ್ಬರೇ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ ಕಾಣುತ್ತದೆ. ಅವರ ಹಳೇ ಕನ್ನಡಕ ಹುಡುಕಿಟ್ಟೆವು, ಅದೇ ಆಯಿತು. ಉಳಿದವರಿಗೆ ಗಲ್ಲ ಸ್ವಲ್ಪ ಕೆಳಗೆ ಮಾಡಿದರೆ ಗಾಜಿನ ಹೊಳಪು ಹೋಗುತ್ತದೆ.

ಹದಿನೆಂಟು ಜನರಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ ಅಲ್ವಾ? ಆಸ್ಟ್ರೇಲಿಯಾದಲ್ಲಿ ವಿಜ್ಞಾನ ಸಂಶೋಧನೆ ನಡೆಸುವ ಸಿಎಸ್‌ಐಆರ್‌ಒ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದಕ್ಕೆ ಲೆಕ್ಕವನ್ನೇ ಹಾಕಿದ್ದಾರೆ. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೆ ಬೆಳಕಿನಲ್ಲಿ ತಲೆ ಎಣಿಸಿ ಮೂರರಿಂದ ಭಾಗಿಸಿ. ಬೆಳಕು ಕಡಿಮೆಯಾದರೆ ಎರಡರಿಂದ. ಅಷ್ಟು ಸಲ ಕ್ಲಿಕ್ ಮಾಡಿದರೆ ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಸಿಗುವ ಸಾಧ್ಯತೆ ತುಂಬ ಹೆಚ್ಚು. 2006ರಲ್ಲಿ ಅವರಿಗೆ ಇದಕ್ಕಾಗಿ ಗಣಿತದ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಮಗೆ ಆರು ಸಾಕಿತ್ತು, ಸಂಜೆಯಾದ್ದರಿಂದ ಒಂಬತ್ತು ತೆಗೆಯಲು ಹೇಳಿದೆ. ಹುಡುಗ ಅದಕ್ಕಿಂತಲೂ ಜಾಸ್ತಿಯೇ ತೆಗೆದ.

ಎಲ್ಲರೂ ಕೂತ ಮೇಲೆ ಅಮ್ಮ ತಮ್ಮ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ವಾರವಿಡೀ ಅಡಿಕೆ ಸುಲಿದು ಬೆರಳ ತುದಿ, ಉಗುರಿನ ಸಂದಿ ಎಲ್ಲ ಕಪ್ಪಾಗಿತ್ತು. ನಿಂಬೆಹಣ್ಣು ತಿಕ್ಕಿದರೂ ಹೋಗಿರಲಿಲ್ಲ. ಫೋಟೊಗ್ರಾಫರ್ ನೋಡಿದ. "ಅಮ್ಮಾ, ಕೈ ಮಡಿಲ ಮೇಲೆ ಇಟ್ಕೊಳ್ಳಿ. ನಮ್ಮ ಅಮ್ಮನ ಕೈನೂ ಹಿಂಗೇ ಇದೆ" ಎಂದ. ಅಮ್ಮ ಕೈ ಹೊರಗೆ ತೆಗೆದರು. ಆ ಒಂದು ಮಾತಿಗೆ ನಾನು ಅವನಿಗೆ ಋಣಿ.

ಎಡಿಟಿಂಗ್ ಬಗ್ಗೆಯೂ ಅವತ್ತೇ ಮಾತಾಡಿದೆ. ಮುಖ ಬೆಳ್ಳಗೆ ಮಾಡಬೇಡಿ, ಸುಕ್ಕು ಅಳಿಸಬೇಡಿ, ಬೆರಳಿನ ಕರೆ ತೆಗೆಯಬೇಡಿ ಎಂದೆ. ಇದನ್ನು ಹೇಳದಿದ್ದರೆ ತುಂಬ ಕಡೆ ಅದೇ ರೂಢಿ, ಕೇಳದೆಯೇ ಎಲ್ಲರನ್ನೂ ಒಂದು ಬಣ್ಣ ತಿಳಿ ಮಾಡಿಬಿಡುತ್ತಾರೆ. ಇದು ಇವತ್ತು ಶುರುವಾದದ್ದಲ್ಲ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಸುಕ್ಕು ಮುಚ್ಚುತ್ತಿದ್ದರು, ಕಪ್ಪುಬಿಳುಪು ಫೋಟೊಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಬಿಳಿ ಬಣ್ಣವೇ ಚೆಂದ ಎಂಬ ತಪ್ಪು ತಿಳುವಳಿಕೆಯನ್ನು ಮನೆಯ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕುವುದು ನನಗೆ ಸಹಿಸಲು ಆಗುವುದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ತಮ್ಮ ಅಜ್ಜಿಯ ಬಣ್ಣ ಏನೆಂದು ಸರಿಯಾಗಿ ನೋಡಲಿ. ಅದು ಅವರದ್ದೇ ಬಣ್ಣ.

ಎಲ್ಲರನ್ನೂ ಕೂರಿಸಿ ತೆಗೆಯುವ ಫೋಟೊ ಮುಗಿದ ಮೇಲೆ ಫೋಟೊಗ್ರಾಫರನ್ನು ತಕ್ಷಣ ಕಳಿಸಬೇಡಿ. ಕಾಫಿ ಕೊಟ್ಟು ಅರ್ಧ ಗಂಟೆ ಸುಮ್ನೆ ಓಡಾಡಲು ಬಿಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಜನಸಾಮಾನ್ಯರ, ಮಕ್ಕಳ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಕ್ಯಾಮೆರಾ ಇದೆ ಎಂಬುದನ್ನು ಜನ ಮರೆತಾಗ ಮುಖದಲ್ಲಿ ಏನು ಬರುತ್ತದೆ ಎಂದು. ನಮ್ಮಲ್ಲೂ ಅತ್ತೆಯಂದಿರು ಇಬ್ಬರೂ ಅಜ್ಜಿಯ ಕುರ್ಚಿಯ ಆಚೀಚೆ ನೆಲದಲ್ಲಿ ಕೂತು ಏನೋ ಹೇಳಿಕೊಂಡು ನಗುವ ಚಿತ್ರ ಆಗಲೇ ಸಿಕ್ಕಿದ್ದು.

ಆಮೇಲಿನ ಕೆಲಸ ಪ್ರಿಂಟಿನದು. ಫೋನಿನಲ್ಲಿ ಉಳಿದರೆ ಫೋನಿನ ಜೊತೆಗೇ ಹೋಗುತ್ತದೆ. 12 ಇಂಚಿಗೆ 18 ಇಂಚಿನ ಪ್ರಿಂಟ್ ಚೊಕ್ಕವಾಗಿ ಬರಬೇಕೆಂದರೆ ಇಂಚಿಗೆ 300 ಚುಕ್ಕಿಯಂತೆ 3600 ಗುಣಿಸು 5400 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸುವ ಫೋಟೊ ಕುಗ್ಗಿ ಬರುತ್ತದೆ, ಅಷ್ಟು ದೊಡ್ಡ ಪ್ರಿಂಟಿಗೆ ಸಾಲುವುದಿಲ್ಲ. ಮೂಲ ಫೈಲನ್ನೇ ಪೆನ್‌ಡ್ರೈವಿನಲ್ಲಿ ಪಡೆದು ಎರಡು ಮನೆಗಳಲ್ಲಿ ಇಡಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ದಪ್ಪ ಕಾಗದದ ಅಂಚು ಇಡಿಸಿ. ಮಲೆನಾಡಿನ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ. ಮಳೆ ಬಡಿಯುವ ಗೋಡೆಗೆ ಹಾಕಬೇಡಿ, ಬೂಸ್ಟು ಹಿಡಿಯುತ್ತದೆ.

ಮತ್ತೆ, ಹೆಸರು ಬರೆಯಿರಿ. ಹಳೇ ಗ್ರೂಪ್ ಫೋಟೊವನ್ನೂ ಆ ಸಲ ಸ್ಕ್ಯಾನ್ ಮಾಡಿಸಿದೆವು. ನಿಂತವರು ಎಡದಿಂದ ಬಲಕ್ಕೆ, ಕುಳಿತವರು ಎಡದಿಂದ ಬಲಕ್ಕೆ, ನೆಲದಲ್ಲಿ ಕುಳಿತ ಮಕ್ಕಳು. ಅಜ್ಜಿ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಅಪ್ಪ ಎಂದು ನಾವು ಇಷ್ಟು ದಿನ ಅಂದುಕೊಂಡಿದ್ದ ಮಗು ದೊಡ್ಡಪ್ಪ ಎಂದು ಗೊತ್ತಾಯಿತು. ಎರಡೂ ಫೋಟೊಗಳ ಹೆಸರಿನ ಹಾಳೆಯನ್ನು ಟೈಪ್ ಮಾಡಿ, ಫ್ರೇಮಿನ ಹಿಂದೆ ಅಂಟಿಸಿ, ಒಂದೊಂದು ಪ್ರತಿಯನ್ನು ಎಲ್ಲ ಮನೆಗೂ ಕಳಿಸಿದೆವು.

ಧಾರವಾಡದ ಅತ್ತೆ ತಮ್ಮ ಹಾಳೆಯನ್ನು ತಿದ್ದಿ ವಾಪಸ್ ಕಳಿಸಿದರು. ಹಳೇ ಫೋಟೊದ ಹೆಸರುಗಳೆಲ್ಲ ಮುಗಿದ ಮೇಲೆ ಕೆಳಗೆ ಪೆನ್ನಿನಲ್ಲಿ ಮುತ್ತಜ್ಜಿಯ ಹೆಸರು ಬರೆದಿದ್ದಾರೆ. ಪಕ್ಕದಲ್ಲಿ, "ಚಿತ್ರದಲ್ಲಿ ಇಲ್ಲ. ಆ ದಿನ ಮನೆಯಲ್ಲಿದ್ದರು." ಎಲ್ಲ ಮನೆಯವರಿಗೂ ಹೊಸ ಹಾಳೆ ಕಳಿಸುತ್ತಿದ್ದೇನೆ, ಆ ಸಾಲು ಸೇರಿಸಿ.